ಸೈನ್, ಕಾಸ್, ಟ್ಯಾನ್: ಗುಣಿಸೋದು ಯಾವಾಗ, ಭಾಗಿಸೋದು ಯಾವಾಗ?

ಮಂಡ್ಯದ ಅಮ್ಮ:
ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಹತ್ತನೇ ಕ್ಲಾಸು, ಕನ್ನಡ ಮೀಡಿಯಂ. ತ್ರಿಕೋನಮಿತಿ ಶುರುವಾದಾಗಿನಿಂದ ರಾತ್ರಿ ಊಟ ಆದ ಮೇಲೆ ಇಬ್ಬರೂ ಲೆಕ್ಕ ಹಿಡಿದು ಕೂರುತ್ತೇವೆ. ನಾನು ಪಿಯುಸಿ ಆರ್ಟ್ಸ್ ಓದಿದವಳು. ಆದರೂ ಅವಳ ಜೊತೆ ಕಲಿಯೋಣ ಅಂತ ಆಸೆ.

ಮೊನ್ನೆ ಗಾಳಿಪಟದ ಲೆಕ್ಕ ಇತ್ತು. ದಾರ 40 ಮೀಟರ್, ನೆಲದ ಜೊತೆ 30 ಡಿಗ್ರಿ, ಎತ್ತರ ಎಷ್ಟು? ಅವಳು ಸೈನ್ 30 ಅಂದರೆ ಅರ್ಧ ಅಂತ 40ಕ್ಕೆ ಗುಣಿಸಿದಳು. 20 ಮೀಟರ್ ಬಂತು, ಸರಿಯಾಯಿತು.

ನಿನ್ನೆ ಬಂದದ್ದು ಲೈಟ್ ಕಂಬದ ಲೆಕ್ಕ. ಕಂಬ ವಾಲದಂತೆ ಎಳೆದು ಹಿಡಿಯೋ ಸ್ಟೇ ವೈರನ್ನು ನೆಲದಿಂದ 6 ಮೀಟರ್ ಮೇಲೆ ಕಟ್ಟಿದ್ದಾರೆ. ವೈರು ನೆಲದ ಜೊತೆ 60 ಡಿಗ್ರಿ ಮಾಡುತ್ತೆ. ವೈರಿನ ಉದ್ದ ಎಷ್ಟು? ಅವಳು ಹಾಗೇ ಸೈನ್ 60, ಅಂದರೆ 0.866 ತಗೊಂಡು 6ಕ್ಕೆ ಗುಣಿಸಿದಳು. 5.2 ಮೀಟರ್ ಬಂತು. ಪುಸ್ತಕದ ಹಿಂದೆ ನೋಡಿದರೆ 6.92. ಭಾಗಿಸಬೇಕಿತ್ತಂತೆ. ಅಲ್ಲಿ ಗುಣಿಸೋದು, ಇಲ್ಲಿ ಭಾಗಿಸೋದು ಯಾಕೆ? ಟ್ಯೂಷನ್‌ನಲ್ಲಿ ‘ಸೋ ಕಾ ಟೋವಾ’ ಅಂತ ಬಾಯಿಪಾಠ ಮಾಡಿಸಿದ್ದಾರೆ: ಸೈನ್ ಅಂದರೆ ಅಭಿಮುಖ (ಕೋನದ ಎದುರಿನ) ಬಾಹು / ವಿಕರ್ಣ, ಕಾಸ್ ಅಂದರೆ ಪಾರ್ಶ್ವ (ಪಕ್ಕದ) ಬಾಹು / ವಿಕರ್ಣ, ಟ್ಯಾನ್ ಅಂದರೆ ಅಭಿಮುಖ / ಪಾರ್ಶ್ವ. ವಿಕರ್ಣ ಅಂದರೆ ಲಂಬಕೋನದ ಎದುರಿನ ಬಾಹು. ಅದು ಅವಳಿಗೆ ನಿದ್ದೆಯಲ್ಲೂ ಬರುತ್ತೆ. ಲೆಕ್ಕ ಮಾತ್ರ ತಪ್ಪುತ್ತೆ.

ಹಳೇ ಗಣಿತ ಮೇಷ್ಟ್ರು, ಮೈಸೂರು:
ತಾಯಿ, ಮಗಳಿಗೆ ಮೊದಲು ಇದನ್ನು ಹೇಳಿ. ಅವಳು ಸೈನ್ ಆರಿಸಿದ್ದು ಸರಿ. ಬೆಲೆ 0.866 ಅನ್ನೋದೂ ಸರಿ. ನಡುವಿನ ಒಂದು ಸಾಲು ಬರೆಯದೇ ಬಿಟ್ಟಿದ್ದಾಳೆ, ಅಷ್ಟೇ.

ಗಾಳಿಪಟಕ್ಕೆ ಆ ಸಾಲು ಹೀಗೆ ಬರುತ್ತೆ: ಸೈನ್ 30 = ಎತ್ತರ / 40. ಗೊತ್ತಿಲ್ಲದ್ದು ಮೇಲೆ ಕೂತಿದೆ.

ಸ್ಟೇ ವೈರಿಗೆ: ಸೈನ್ 60 = 6 / ವೈರು. ಗೊತ್ತಿಲ್ಲದ್ದು ಕೆಳಗೆ ಕೂತಿದೆ. ಅಂದರೆ ವೈರನ್ನು 0.866ರಿಂದ ಗುಣಿಸಿದರೆ 6 ಬರಬೇಕು. ಹಾಗಾದರೆ ವೈರು ಎಷ್ಟು? 6ನ್ನು 0.866ರಿಂದ ಭಾಗಿಸಿ, 6.93. ಪರೀಕ್ಷೆಯಲ್ಲಿ ರೂಟ್ 3 ಇಟ್ಟುಕೊಂಡೇ ಬರೆಯಲಿ. ಸೈನ್ 60 ಅಂದರೆ ರೂಟ್ 3 / 2, ಹಾಗಾಗಿ ವೈರು 12 / ರೂಟ್ 3, ಅಂದರೆ 4 ರೂಟ್ 3. ರೂಟ್ 3ಕ್ಕೆ 1.73 ಹಾಕಿದರೆ ನಿಮ್ಮ ಪುಸ್ತಕದ 6.92 ಬರುತ್ತೆ.

ಗುಣಿಸೋದಾ ಭಾಗಿಸೋದಾ ಅಂತ ನೆನಪಿಡುವ ಅಗತ್ಯವೇ ಇಲ್ಲ. ಆ ಒಂದು ಸಾಲು ಬರೆದರೆ ಸಾಲೇ ಹೇಳುತ್ತೆ. ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಈ ಅಧ್ಯಾಯದಲ್ಲಿ ಅಂಕ ಕಳೆದುಕೊಂಡ ಮಕ್ಕಳಲ್ಲಿ ಬಹಳ ಜನ ಆ ಸಾಲನ್ನು ಹಾರಿಸಿ ನೇರ ಉತ್ತರಕ್ಕೆ ಹೋದವರು.

ಇನ್ನೊಂದು ವಿಷಯ. 5.2 ಬಂದ ತಕ್ಷಣ ಪೆನ್ನು ಕೆಳಗಿಟ್ಟು ಚಿತ್ರ ನೋಡಬೇಕು. ಕಂಬದಲ್ಲಿ ಕಟ್ಟಿರುವುದೇ 6 ಮೀಟರ್ ಮೇಲೆ. ಅಲ್ಲಿಂದ ಓರೆಯಾಗಿ ಇಳಿದು ನೆಲ ಮುಟ್ಟುವ ವೈರು 5.2 ಹೇಗಾದೀತು? ನೇರ ಇಳಿದರೇ 6 ಬೇಕು. ಲಂಬಕೋನ ತ್ರಿಭುಜದಲ್ಲಿ ವಿಕರ್ಣಕ್ಕಿಂತ ಉದ್ದದ ಬಾಹು ಇರೋದಿಲ್ಲ. ಇದೊಂದನ್ನು ನೋಡಿದರೆ ಅರ್ಧ ತಪ್ಪು ಅಲ್ಲೇ ಸಿಕ್ಕಿಬೀಳುತ್ತೆ.

ಮಂಡ್ಯದ ಅಮ್ಮ:
ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಅವಳು ಈಗ ಅದೇ ಸಾಲು ಬರೆದು ನಾಲ್ಕು ಲೆಕ್ಕ ಮಾಡಿದಳು. ನಾಲ್ಕೂ ಸರಿ. ಆದರೆ ಅವಳ ಎರಡು ಪ್ರಶ್ನೆಗಳಿಗೆ ನನಗೆ ಉತ್ತರ ಗೊತ್ತಾಗಲಿಲ್ಲ.

ಒಂದು, ಈ 0.866 ಕಂಬ 6 ಮೀಟರ್ ಇದ್ದರೂ ಅದೇ, 60 ಮೀಟರ್ ಇದ್ದರೂ ಅದೇ. ಅದು ಹೇಗೆ?

ಎರಡು, ಪಾರ್ಶ್ವ ಬಾಹು ಅಂದರೆ ಕೋನದ ಪಕ್ಕದಲ್ಲಿರೋ ಬಾಹು ಅಂತಾರೆ. ವಿಕರ್ಣವೂ ಕೋನದ ಪಕ್ಕದಲ್ಲೇ ಇದೆ ಅಲ್ವಾ? ಎರಡರಲ್ಲಿ ಯಾವುದು?

ಬಿ.ಎಡ್. ವಿದ್ಯಾರ್ಥಿನಿ:
ಅಕ್ಕ, ಮೊದಲನೇ ಪ್ರಶ್ನೆಗೆ ನಾನು ಪಾಠ ಅಭ್ಯಾಸಕ್ಕೆ ಹೋದಾಗ ಮಾಡಿದ್ದನ್ನು ಹೇಳುತ್ತೇನೆ. ಜಾಮಿಟ್ರಿ ಬಾಕ್ಸ್‌ನಲ್ಲಿ 30, 60, 90 ಡಿಗ್ರಿಯ ಸೆಟ್ ಸ್ಕ್ವೇರ್ ಇರುತ್ತಲ್ಲ, ಅದನ್ನು ತೆಗೆಯಲು ಹೇಳಿ. ಅತಿ ಚಿಕ್ಕ ಬಾಹುವನ್ನೂ ವಿಕರ್ಣವನ್ನೂ ಸ್ಕೇಲಿನಲ್ಲಿ ಅಳೆಯಲಿ. ಚಿಕ್ಕದು ಉದ್ದದ್ದರ ಅರ್ಧ ಇರುತ್ತೆ. ಆಮೇಲೆ ಸ್ಕೂಲಿನಲ್ಲಿ ಬೋರ್ಡಿಗೆ ಬಳಸುವ ದೊಡ್ಡ ಮರದ ಸೆಟ್ ಸ್ಕ್ವೇರ್ ಅಳೆಯಲಿ. ಅದರಲ್ಲೂ ಅರ್ಧವೇ. ಸೈನ್ 30 ಅಂದರೆ ಆ ಅರ್ಧ.

ಮೂಲೆಗಳು ಒಂದೇ ಆಗಿದ್ದರೆ ತ್ರಿಭುಜ ಹಿಗ್ಗಿದರೂ ಕುಗ್ಗಿದರೂ ಬಾಹುಗಳು ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ, ಕುಗ್ಗುತ್ತವೆ. ಇವಳು ಈಗಾಗಲೇ ಓದಿರುವ ಸಮರೂಪ ತ್ರಿಭುಜಗಳ ಪಾಠವೇ ಇದು. ಇಡೀ ತ್ರಿಕೋನಮಿತಿ ಅದರ ಮೇಲೆ ನಿಂತಿದೆ. ಮಕ್ಕಳು ಅಳೆದು ನೋಡಿದಾಗ ಅವರ ಮುಖ ಅರಳೋದನ್ನು ನೋಡಬೇಕು.

ಹಳೇ ಗಣಿತ ಮೇಷ್ಟ್ರು, ಮೈಸೂರು:
ಚೆನ್ನಾಗಿ ಹೇಳಿದಿರಿ ಮೇಡಂ. ಎರಡನೆಯದಕ್ಕೆ ನಾನು ಹೇಳುತ್ತೇನೆ. ಆ ಹುಡುಗಿ ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ.

ಹೆಸರಿಡುವಾಗ ಒಂದು ಕ್ರಮ ಇರಲಿ. ಮೊದಲು ಲಂಬಕೋನ ಹುಡುಕಿ, ಅದರ ಎದುರಿನದಕ್ಕೆ ವಿಕರ್ಣ ಅಂತ ಬರೆದುಬಿಡಿ. ಅದರ ಹೆಸರು ಇನ್ನು ಬದಲಾಗೋದಿಲ್ಲ. ಆಮೇಲೆ ಕೊಟ್ಟಿರುವ ಕೋನದ ಮೂಲೆಯಲ್ಲಿ ನಿಂತುಕೊಂಡ ಹಾಗೆ ಅಂದುಕೊಳ್ಳಿ. ಎದುರಿಗೆ ಕಾಣೋದು ಅಭಿಮುಖ ಬಾಹು. ಉಳಿದದ್ದು ಪಾರ್ಶ್ವ ಬಾಹು. ವಿಕರ್ಣಕ್ಕೆ ಆಗಲೇ ಹೆಸರಿಟ್ಟಾಗಿದೆ, ಗೊಂದಲಕ್ಕೆ ಜಾಗವೇ ಇಲ್ಲ.

ಈಗ ಅದೇ ಕಂಬವನ್ನು ಬೇರೆ ಮೂಲೆಯಿಂದ ನೋಡಿ. ವೈರು ನೆಲದ ಜೊತೆ 60 ಡಿಗ್ರಿ ಅನ್ನುವ ಬದಲು, ಕಂಬದ ಜೊತೆ 30 ಡಿಗ್ರಿ ಅಂತ ಕೊಟ್ಟರೆ? ಈಗ ನಾವು ಮೇಲಿನ ಮೂಲೆಯಲ್ಲಿ ನಿಂತಿದ್ದೇವೆ. ಆ 6 ಮೀಟರ್ ಕಂಬ ಅಭಿಮುಖ ಆಗಿದ್ದದ್ದು ಪಾರ್ಶ್ವ ಆಯಿತು. ಸೈನ್ ಬರೋದಿಲ್ಲ, ಕಾಸ್ 30 = 6 / ವೈರು. ಕಾಸ್ 30ರ ಬೆಲೆಯೂ 0.866. ಉತ್ತರ ಅದೇ 6.93. ಕಂಬ ಅಲ್ಲೇ ಇದೆ, ನಾವು ನಿಂತ ಜಾಗ ಬದಲಾಯಿತು. ಸೈನ್ 60, ಕಾಸ್ 30 ಎರಡೂ ಒಂದೇ ಯಾಕೆ ಅನ್ನೋದು ಇದರಲ್ಲೇ ತಿಳಿದುಹೋಗುತ್ತೆ.

ಪಾಂಡವಪುರದ ರೈತ:
ಮೇಷ್ಟ್ರಿಗೆ ನಮಸ್ಕಾರ. ಈ ಲೆಕ್ಕ ನನ್ನನ್ನು ದೊಡ್ಡ ಅನಾಹುತದಿಂದ ಉಳಿಸಿತು. ಅದನ್ನು ಹೇಳಲೇಬೇಕು.

ನಮ್ಮ ತೋಟದ ಬದುವಿನಲ್ಲಿ ಒಂದು ಹಳೇ ತೆಂಗಿನ ಮರ. ಸುಳಿ ಕೊಳೆತು ಸತ್ತಿತ್ತು. ಕಡಿಸಬೇಕಿತ್ತು. ಮರದ ಬುಡದಿಂದ 45 ಅಡಿ ದೂರದಲ್ಲಿ ಕರೆಂಟ್ ಲೈನ್ ಹೋಗಿದೆ. ಮರ 45 ಅಡಿಗಿಂತ ಗಿಡ್ಡ ಇದ್ದರೆ ಬುಡಕ್ಕೇ ಕೊಡಲಿ ಹಾಕಿ ಕೆಡವಬಹುದು ಅಂತ ಯೋಚನೆ. ಬುಡದಿಂದ 30 ಅಡಿ ಟೇಪು ಹಿಡಿದೆ. ಅಲ್ಲಿ ನಿಂತು ಮೊಬೈಲಿನ ಆ್ಯಪ್‌ನಲ್ಲಿ ತುದಿ ನೋಡಿದೆ. 55 ಡಿಗ್ರಿ ತೋರಿಸಿತು. ಟ್ಯಾನ್ 55 = ಎತ್ತರ / 30. ಟ್ಯಾನ್ 55 ಅಂದರೆ 1.428. ಗುಣಿಸಿದರೆ ಸುಮಾರು 43 ಅಡಿ. ಸದ್ಯ, ಲೈನ್ ತಾಕೋದಿಲ್ಲ ಅಂದುಕೊಂಡೆ. ಆಳಿಗೂ ಹೇಳಿಬಿಟ್ಟೆ.

ಸಂಜೆ ಅಣ್ಣನ ಮಗನಿಗೆ ತೋರಿಸಿದೆ. ಅವನು ಕೇಳಿದ, ‘ಚಿಕ್ಕಪ್ಪ, ನೀನು ಮಲಗಿಕೊಂಡು ನೋಡಿದೆಯಾ, ನಿಂತುಕೊಂಡು ನೋಡಿದೆಯಾ?’ ನಿಂತೇ ನೋಡಿದ್ದೆ. ಕಣ್ಣು ನೆಲದಿಂದ 5 ಅಡಿ ಮೇಲಿದೆ. ನಾನು ಅಳೆದದ್ದು ಕಣ್ಣಿನ ಮಟ್ಟದಿಂದ ಮೇಲಿನ ಭಾಗ ಮಾತ್ರ. ಆ 5 ಅಡಿ ಸೇರಿಸಿದರೆ 48. ಮರ ಆ ಕಡೆ ಬಿದ್ದಿದ್ದರೆ ಲೈನ್ ಮೇಲೇ ಬೀಳುತ್ತಿತ್ತು.

ಆಮೇಲೆ ಲೈನ್‌ಮನ್‌ಗೆ ಹೇಳಿ ಕರೆಂಟ್ ತೆಗೆಸಿ, ಮರ ಹತ್ತಿ ಮೇಲಿಂದ ತುಂಡು ತುಂಡಾಗಿ ಕುಯ್ದು ಇಳಿಸಿದರು. ಕಣ್ಣಿನ ಎತ್ತರ ಸೇರಿಸೋದು ಮರೆಯಬೇಡಿ ಅಂತ ಎಲ್ಲ ಮಕ್ಕಳಿಗೂ ಹೇಳಿ. ಪರೀಕ್ಷೆಯಲ್ಲಿ ಒಂದು ಅಂಕ ಹೋಗಬಹುದು. ತೋಟದಲ್ಲಿ ಜೀವ ಹೋಗುತ್ತೆ.

ಡಿಪ್ಲೊಮಾ ಹುಡುಗ:
ಅಣ್ಣ, ಓದಿ ಎದೆ ಝಲ್ ಅಂತು. ಲೆಕ್ಕ ಗೊತ್ತಿದ್ದೂ ಅಪಾಯ ಆಗೋದು ಹೀಗೇ.

ಕ್ಯಾಲ್ಕುಲೇಟರ್ ಬಳಸುವವರಿಗೆ ಒಂದು ಮಾತು. ಅದರಲ್ಲಿ ಡಿಗ್ರಿ ಮತ್ತು ರೇಡಿಯನ್ (ಕೋನ ಅಳೆಯುವ ಇನ್ನೊಂದು ಮಾನ) ಅಂತ ಎರಡು ಮೋಡ್ ಇರುತ್ತವೆ. ರೇಡಿಯನ್‌ನಲ್ಲಿ ಸೈನ್ 30 ಒತ್ತಿದರೆ ಮೈನಸ್ 0.988 ಬರುತ್ತೆ. ಮೈನಸ್ ಬಂದರೆ ಹೇಗೋ ಗೊತ್ತಾಗುತ್ತೆ. ಆದರೆ ಟ್ಯಾನ್ 45 ಒತ್ತಿದರೆ 1.62 ಬರುತ್ತೆ, ನಿಜದ ಉತ್ತರದ ಹಾಗೇ ಕಾಣುತ್ತೆ. ಅದಕ್ಕೇ ನಾನು ಯಾವಾಗಲೂ ಮೊದಲು ಟ್ಯಾನ್ 45 ಒತ್ತಿ ನೋಡುತ್ತೇನೆ. 1 ಬಂದರೆ ಮಾತ್ರ ಮುಂದಿನ ಲೆಕ್ಕ.

ಶೀಟ್ ಕೆಲಸ, ಮೈಸೂರು:
ನಾನು ಮನೆ ಮೇಲೆ, ಕಾರ್ ಶೆಡ್‌ಗೆ ಶೀಟ್ ಹಾಕುವವನು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಇಲ್ಲಿ ಬರೆಯಬಹುದಾ ಗೊತ್ತಿಲ್ಲ, ಆದರೂ ಬರೆಯುತ್ತೇನೆ.

ನಾನೇ ಒಪ್ಪಿಕೊಂಡ ಮೊದಲ ಕೆಲಸ 12 ಅಡಿ ಅಗಲದ ಶೆಡ್. 12 ಅಡಿ ಅಗಲ ಅಲ್ವಾ ಅಂತ 12 ಅಡಿ ಶೀಟು ತಂದೆ. ಇಳಿಜಾರು ಕೊಟ್ಟು ಫ್ರೇಮ್ ನಿಲ್ಲಿಸಿ ಶೀಟ್ ಇಟ್ಟರೆ ಐದು ಇಂಚು ಸಾಲದು. ಮುಂದೆ ಚಾಚಬೇಕಾದ ಒಂದು ಅಡಿಯಂತೂ ಇಲ್ಲವೇ ಇಲ್ಲ. ಎಲ್ಲ ಶೀಟೂ ವಾಪಸ್. ಕೈಯಿಂದ ದುಡ್ಡು ಹೋಯಿತು. ಐದು ಇಂಚು ಎಲ್ಲಿಗೆ ಹೋಯಿತು ಅಂತ ನನಗೆ ಎಷ್ಟೋ ದಿನ ತಿಳಿಯಲಿಲ್ಲ.

ನಮ್ಮ ಕೆಲಸದಲ್ಲಿ ಯಾರೂ ಡಿಗ್ರಿ ಹೇಳೋದಿಲ್ಲ. ‘ಹತ್ತು ಅಡಿಗೆ ಎರಡು ಅಡಿ ಇಳಿಜಾರು’ ಅಂತೀವಿ. ನೀವೆಲ್ಲ ಹೇಳುತ್ತಿರೋದು ಇದೇನಾ?

ಹಳೇ ಗಣಿತ ಮೇಷ್ಟ್ರು, ಮೈಸೂರು:
ಅಣ್ಣ, ಖಂಡಿತ ಬರೆಯಬೇಕು. ನೀವು ಹೇಳಿದ್ದೇ ಟ್ಯಾನ್. ಹತ್ತು ಅಡಿ ಹೋದರೆ ಎರಡು ಅಡಿ ಇಳಿಯುತ್ತೆ ಅಂದರೆ ಅಭಿಮುಖ ಬಾಹು 2, ಪಾರ್ಶ್ವ ಬಾಹು 10, ಟ್ಯಾನ್ 0.2. ಅದು ಸುಮಾರು 11 ಡಿಗ್ರಿ. ನಾವು ಟ್ಯಾನ್ ಅನ್ನುತ್ತೇವೆ, ನೀವು ಇಳಿಜಾರು ಅನ್ನುತ್ತೀರಿ. ನಿಮ್ಮ ಹೆಸರೇ ಚೆನ್ನಾಗಿದೆ ಅಂತ ನನಗೆ ಅನಿಸುತ್ತೆ.

ಆ ಐದು ಇಂಚಿನ ಲೆಕ್ಕ ನೋಡೋಣ. ಶೀಟು ಓರೆಯಾಗಿ ಮಲಗುತ್ತೆ, ಅದು ವಿಕರ್ಣ. 12 ಅಡಿ ಅಗಲ ಅಂದರೆ ನೆಲದ ಮೇಲಿನ ಅಳತೆ, ಪಾರ್ಶ್ವ ಬಾಹು. ನಿಮ್ಮ ಇಳಿಜಾರು 15 ಡಿಗ್ರಿ ಇತ್ತು ಅಂತ ಇಟ್ಟುಕೊಳ್ಳಿ. ಕಾಸ್ 15 = 12 / ಶೀಟು. ಕಾಸ್ 15 ಅಂದರೆ 0.966. ಶೀಟು 12.42 ಅಡಿ ಬೇಕು. ಆ 0.42 ಅಡಿ ಅಂದರೆ ಐದು ಇಂಚು. ನಿಮ್ಮ ಐದು ಇಂಚು ಅಲ್ಲಿತ್ತು ಅಣ್ಣ.

ಇಲ್ಲೂ ಗೊತ್ತಿಲ್ಲದ್ದು ಕೆಳಗೆ ಕೂತಿದೆ, ಗಮನಿಸಿ. ಮಂಡ್ಯದ ತಾಯಿ, ಮಗಳಿಗೆ ಈ ಲೆಕ್ಕ ಕೊಡಿ.

ಶೀಟ್ ಕೆಲಸ, ಮೈಸೂರು:
ಮೇಷ್ಟ್ರೇ, ಇಳಿಜಾರು ಹದಿನೈದೇ ಇದ್ದಿರಬೇಕು. ಹಿಂದಿನ ಕಂಬ ಮುಂದಿನದಕ್ಕಿಂತ ಮೂರು ಅಡಿ ಚಿಲ್ಲರೆ ಎತ್ತರ ಇಟ್ಟಿದ್ದೆ.

ಡಿಪ್ಲೊಮಾ ಹುಡುಗ:
12ಕ್ಕೆ ಟ್ಯಾನ್ 15, ಅಂದರೆ 0.268 ಗುಣಿಸಿದರೆ 3.2 ಅಡಿ. ಸರಿಹೋಯಿತು ಅಣ್ಣ!

ಬಿ.ಎಡ್. ವಿದ್ಯಾರ್ಥಿನಿ:
ಬುಡದವರೆಗೆ ಟೇಪು ಹಿಡಿಯಲು ಆಗದ ಕಡೆ ಏನು ಮಾಡೋದು ಅಂತ ಯಾರೂ ಕೇಳಲಿಲ್ಲ. ನಾನು ಗೆಳತಿಯರ ಜೊತೆ ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚ್‌ಗೆ ಹೋಗಿದ್ದಾಗ ಇದೇ ತೊಂದರೆ ಬಂತು. ಗೋಪುರದ ತುದಿಯ ನೇರ ಕೆಳಗಿನ ಜಾಗ ಕಟ್ಟಡದ ಒಳಗಿದೆ. ಅಲ್ಲಿಂದ ಅಳೆಯೋದು ಹೇಗೆ?

ಎರಡು ಜಾಗದಲ್ಲಿ ನಿಂತು ನೋಡಬೇಕು. ನಮ್ಮ ಹತ್ತಿರ ಇದ್ದದ್ದು ಕೋನಮಾಪಕ, ಅದರ ನೇರ ಅಂಚಿಗೆ ಅಂಟಿಸಿದ ಸ್ಟ್ರಾ, ನಡುವಿನ ತೂತಿನಿಂದ ಇಳಿಬಿಟ್ಟ ದಾರ, ದಾರದ ತುದಿಗೆ ಒಂದು ನಟ್ಟು. ಮಟ್ಟವಾಗಿ ಹಿಡಿದಾಗ ದಾರ 90ರ ಮೇಲೆ ಇರುತ್ತೆ. ಸ್ಟ್ರಾದಲ್ಲಿ ತುದಿ ನೋಡಿದಾಗ ದಾರ 90ರಿಂದ ಎಷ್ಟು ಸರಿಯಿತೋ ಅದೇ ಉನ್ನತ ಕೋನ.

45 ಡಿಗ್ರಿ ಬರುವ ತನಕ ಹಿಂದೆ ಮುಂದೆ ಆಡಿ ಒಂದು ಗುರುತು ಹಾಕಿದೆವು. ಅಲ್ಲಿಂದ ನೇರ ಹಿಂದಕ್ಕೆ 38 ಮೀಟರ್ ಸರಿದು ಮತ್ತೆ ನೋಡಿದೆವು. ಅಲ್ಲಿ ಮೊದಲ ಸಲ 31 ಡಿಗ್ರಿ ಓದಿದೆವು. ಎತ್ತರವನ್ನು ಹ ಅಂತ ಇಟ್ಟರೆ, ಟ್ಯಾನ್ 45 ಅಂದರೆ 1 ಆದ್ದರಿಂದ 45 ಡಿಗ್ರಿಯ ಜಾಗದಿಂದ ಗೋಪುರಕ್ಕೆ ದೂರವೂ ಹ. ಹಿಂದಿನ ಜಾಗದಿಂದ ಹ + 38. ಟ್ಯಾನ್ 31 = ಹ / (ಹ + 38). ಬಿಡಿಸಿದರೆ 57.2 ಮೀಟರ್ ಬಂತು. ಕಣ್ಣಿನ ಎತ್ತರ ಒಂದೂವರೆ ಮೀಟರ್ ಸೇರಿಸಿದರೆ 58.7. ಆ ಜೋಡಿ ಗೋಪುರಗಳ ಎತ್ತರ 175 ಅಡಿ, ಅಂದರೆ 53 ಮೀಟರ್ ಅಂತ ನಮಗೆ ಗೊತ್ತಿತ್ತು. ಐದು ಮೀಟರ್‌ಗೂ ಜಾಸ್ತಿ ತಪ್ಪು!

ಗಾಳಿಗೆ ದಾರ ಅಲುಗುತ್ತಿತ್ತು. ಮತ್ತೆ ಆರು ಸಲ ನೋಡಿ ಸರಾಸರಿ ತೆಗೆದೆವು. 30 ಬಂತು. ಈಗ ಹ ಅಂದರೆ 51.9, ಕಣ್ಣಿನ ಎತ್ತರ ಸೇರಿಸಿ 53.4. ಒಂದೇ ಒಂದು ಡಿಗ್ರಿಗೆ ಐದು ಮೀಟರ್ ವ್ಯತ್ಯಾಸ. ಪುಸ್ತಕದ ಲೆಕ್ಕದಲ್ಲಿ ಇದು ಎಂದೂ ಕಾಣೋದಿಲ್ಲ, ಅಲ್ಲಿ ಕೋನ ಕೊಟ್ಟೇಬಿಟ್ಟಿರುತ್ತಾರೆ. ಆ ದಿನ ನನಗೆ ಈ ವಿಷಯದ ಮೇಲೆ ಪ್ರೀತಿ ಹುಟ್ಟಿತು ಅಂತ ಹೇಳಬಹುದು.

ಸರ್ವೆ ಕೆಲಸದವನು:
ಮೇಡಂ ಹೇಳಿದ್ದು ನಮ್ಮ ಕೆಲಸದ ಜೀವಾಳ. ಎರಡು ಕೋನ ತೆಗೆಯುವಾಗ ಎರಡು ಜಾಗಗಳ ನಡುವೆ ದೂರ ಜಾಸ್ತಿ ಇಟ್ಟುಕೊಳ್ಳಿ, ತಪ್ಪು ಕಮ್ಮಿಯಾಗುತ್ತೆ. ಹೊಸ ಉಪಕರಣವನ್ನು ಮೊದಲು ಎತ್ತರ ಗೊತ್ತಿರುವ ಕಡೆ ಪರೀಕ್ಷೆ ಮಾಡಿ. ಮೈಸೂರಿನಲ್ಲಿ ದೊಡ್ಡ ಗಡಿಯಾರ ಇದೆ. 1927ರದ್ದು, ಎತ್ತರ 75 ಅಡಿ. ಕಣ್ಣು 5 ಅಡಿ ಎತ್ತರದಲ್ಲಿದ್ದರೆ 70 ಅಡಿ ದೂರದಲ್ಲಿ 45 ಡಿಗ್ರಿ ಬರಬೇಕು. ಬೆಳಿಗ್ಗೆ ಬೇಗ ಹೋಗಿ, ಆಮೇಲೆ ವಾಹನಗಳ ಓಡಾಟ ಜಾಸ್ತಿ.

ಕೆಲವರು ಮನೆ ತಾರಸಿಯಿಂದ ಚಾಮುಂಡಿ ಬೆಟ್ಟ ಅಳೆಯಲು ಹೋಗುತ್ತಾರೆ. ಬೆಟ್ಟ 1000 ಮೀಟರ್‌ಗೂ ಮೇಲೆ ಅಂತ ಓದಿರುತ್ತಾರೆ. ಅಳೆದರೆ 300ರ ಹತ್ತಿರ ಬರುತ್ತೆ, ಲೆಕ್ಕವೇ ತಪ್ಪು ಅಂದುಕೊಳ್ಳುತ್ತಾರೆ. ಆ ಸಾವಿರ ಸಮುದ್ರ ಮಟ್ಟದಿಂದ. ಮೈಸೂರು ಊರೇ ಸಮುದ್ರದಿಂದ 750 ಮೀಟರ್‌ಗೂ ಮೇಲಿದೆ. ಕೆಆರ್‌ಎಸ್ 124.80 ಅಡಿ ತುಂಬಿತು ಅನ್ನುವಾಗ ನಾವು ಯಾರೂ ಸಮುದ್ರದಿಂದ ಎಣಿಸೋದಿಲ್ಲ ಅಲ್ವಾ? ಟ್ಯಾನ್ ಕೊಡೋದು ನಿಮ್ಮ ಕಣ್ಣಿನ ಮಟ್ಟದಿಂದ ಮೇಲಿನ ಎತ್ತರ. ಜೊತೆಗೆ, 4 ಕಿಲೋಮೀಟರ್ ದೂರದಿಂದ 300 ಮೀಟರ್ ಎತ್ತರ ನೋಡಿದರೆ ಕೋನ ಬರೀ ನಾಲ್ಕು ಡಿಗ್ರಿ ಚಿಲ್ಲರೆ. ಅಲ್ಲಿ ಒಂದು ಡಿಗ್ರಿ ತಪ್ಪಿದರೆ 70 ಮೀಟರ್ ಹೋಯಿತು.

ಸೈಟು ಕೊಳ್ಳುವವರಿಗೂ ಇದು ಬೇಕು. ಇಳಿಜಾರಿನ ಜಾಗದಲ್ಲಿ ನೆಲಕ್ಕೆ ಅಂಟಿಸಿ 100 ಅಡಿ ಟೇಪು ಹಿಡಿದರೆ, 20 ಡಿಗ್ರಿ ಇಳಿಜಾರಿದ್ದಾಗ ಮಟ್ಟದ ಅಳತೆ 94 ಅಡಿ ಮಾತ್ರ. 100ಕ್ಕೆ ಕಾಸ್ 20 ಗುಣಿಸಿದ್ದು. ನಕ್ಷೆಯಲ್ಲಿ ಬರೋದು ಆ 94.

ನಮ್ಮ ಸೀಮೆಗೆ ಸೇರಿದ ಒಂದು ಕತೆ ಹೇಳದೇ ಇರಲಾರೆ. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿ ಬ್ರಿಟಿಷರ ಕಡೆ ವಿಲಿಯಂ ಲ್ಯಾಂಬ್ಟನ್ ಅನ್ನುವ ಅಧಿಕಾರಿ ಇದ್ದ. ಯುದ್ಧ ಮುಗಿದ ಮೇಲೆ ದೇಶವನ್ನೇ ತ್ರಿಭುಜಗಳಲ್ಲಿ ಅಳೆಯುವ ಕೆಲಸಕ್ಕೆ ಕೈ ಹಾಕಿದ. 1802ರಲ್ಲಿ ಮದರಾಸಿನ ಹತ್ತಿರ ಸುಮಾರು ಏಳೂವರೆ ಮೈಲಿಯ ಒಂದು ಗೆರೆಯನ್ನು ಉಕ್ಕಿನ ಸರಪಳಿಯಿಂದ ಅಳೆದ. ಅಲ್ಲಿಂದ ಮುಂದೆ ಹೆಚ್ಚಾಗಿ ಕೋನಗಳೇ. ಒಂದು ಬಾಹು, ಮೂಲೆಗಳ ಕೋನ ಗೊತ್ತಿದ್ದರೆ ಉಳಿದ ಬಾಹುಗಳು ಸಿಗುತ್ತವೆ. ಆ ಬಾಹು ಮುಂದಿನ ತ್ರಿಭುಜಕ್ಕೆ ಆಧಾರ. ಹೀಗೆ ಮೈಸೂರು ಸೀಮೆ ದಾಟಿ ಪಶ್ಚಿಮ ಕರಾವಳಿ ಮುಟ್ಟಿದಾಗ, ಹಳೇ ನಕ್ಷೆಗಳಲ್ಲಿ ಇದ್ದುದಕ್ಕಿಂತ ನಾಡಿನ ಅಗಲ ಸುಮಾರು 40 ಮೈಲಿ ಕಮ್ಮಿ ಅಂತ ಗೊತ್ತಾಯಿತು. ಅವರ ತ್ರಿಭುಜಗಳೆಲ್ಲ ಲಂಬಕೋನದವಲ್ಲ, ಆದರೆ ಬಳಸಿದ್ದು ಇದೇ ಸೈನ್.

ಹಳೇ ಗಣಿತ ಮೇಷ್ಟ್ರು, ಮೈಸೂರು:
ಸೈನ್ ಅನ್ನುವ ಹೆಸರಿನ ಕತೆಯನ್ನೂ ಮಗಳಿಗೆ ಹೇಳಿ. ನಮ್ಮವರು ಅದನ್ನು ಜ್ಯಾ ಅನ್ನುತ್ತಿದ್ದರು. ಬಿಲ್ಲಿನ ಹೆದೆ ಅಂತ ಅರ್ಥ. ಆರ್ಯಭಟ 499ರ ಸುಮಾರಿಗೆ ಮೂರೂಮುಕ್ಕಾಲು ಡಿಗ್ರಿಗೆ ಒಂದರಂತೆ 24 ಬೆಲೆಗಳ ಪಟ್ಟಿ ಕೊಟ್ಟಿದ್ದಾನೆ. ಆ ಪದ ಅರಬ್ಬಿಗೆ ಹೋಗಿ ಜೀಬಾ ಆಯಿತು. ಅದನ್ನು ಬಟ್ಟೆಯ ಮಡಿಕೆ ಅನ್ನುವ ಅರ್ಥದ ಜೈಬ್ ಅಂತ ಓದಿಕೊಂಡು, ಲ್ಯಾಟಿನ್‌ನಲ್ಲಿ ಅದೇ ಅರ್ಥದ ಸೈನಸ್ ಅಂತ ಮಾಡಿದರು. ಅಲ್ಲಿಂದ ಸೈನ್.

ಮಂಡ್ಯದ ಅಮ್ಮ:
ಎಲ್ಲರಿಗೂ ಕೈಮುಗಿಯುತ್ತೇನೆ. ಮಗಳು ಎಲ್ಲವನ್ನೂ ಓದಿದಳು. ಭಾನುವಾರ ಹಿತ್ತಲಿನ ತೆಂಗಿನ ಮರ ಅಳೆದಳು. ಸ್ಟ್ರಾ, ದಾರ, ನಟ್ಟು ಎಲ್ಲ ಅವಳೇ ಕಟ್ಟಿದ್ದು. ಬುಡದಿಂದ 30 ಅಡಿ ದೂರ, ಕೋನ 48 ಡಿಗ್ರಿ. ಟ್ಯಾನ್ 48 ಅಂದರೆ 1.11. ಮೊಬೈಲಿನಲ್ಲಿ ಮೊದಲು ಟ್ಯಾನ್ 45 ಒತ್ತಿ ನೋಡಿಯೇ ಲೆಕ್ಕ ಮಾಡಿದಳು. 33.3 ಅಡಿ, ಅವಳ ಕಣ್ಣಿನ ಎತ್ತರ ನಾಲ್ಕೂವರೆ ಸೇರಿಸಿ 37.8.

ಅದೇ ದಿನ ಕಾಯಿ ಕೀಳುವವರು ಬಂದಿದ್ದರು. ಅವರು ಮರದ ತುದಿಯಿಂದ ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟರು. ಅಳೆದರೆ 40 ಅಡಿ. ಎರಡು ಅಡಿ ವ್ಯತ್ಯಾಸ. ಕೋನವನ್ನು ಐದು ಸಲ ನೋಡಿದ್ದಾಳೆ, 48ಏ ಬರುತ್ತೆ. ಊಟವನ್ನೂ ಸರಿಯಾಗಿ ಮಾಡದೆ ಕೂತಿದ್ದಾಳೆ.

ಪಾಂಡವಪುರದ ರೈತ:
ಅಕ್ಕ, ತೆಂಗಿನ ಮರ ನೆಟ್ಟಗೆ ಇರೋದು ಕಮ್ಮಿ. ಆ ಹಗ್ಗದ ಕಲ್ಲು ನೆಲದಲ್ಲಿ ಎಲ್ಲಿ ಮುಟ್ಟಿತು ಅಂತ ನೋಡಲು ಹೇಳಿ. ಬುಡದಲ್ಲಾ, ಆಚೆಗಾ?

ಮಂಡ್ಯದ ಅಮ್ಮ:
ಬ್ಯಾಟರಿ ಹಿಡಿದುಕೊಂಡು ಈಗಲೇ ಹೋಗಿ ನೋಡಿಕೊಂಡು ಬಂದಳು. ಕಲ್ಲು ಬಿದ್ದ ಗುರುತು ಬುಡದಿಂದ ಎರಡು ಅಡಿ ಆಚೆಗಿದೆ, ಅವಳು ನಿಂತ ಕಡೆಯಿಂದ ದೂರಕ್ಕೆ. ಮರ ಆ ಕಡೆ ಬಾಗಿದೆ. 30ರ ಬದಲು 32 ಹಾಕಿದಳು. 35.5, ಜೊತೆಗೆ ನಾಲ್ಕೂವರೆ. ಸರಿಯಾಗಿ 40.